ಗೋಲು ಕಂಬದ ಪಕ್ಕದಲ್ಲಿ ಕುಳಿತವರು

ಕೇಶ್ವಾಪುರದಲ್ಲಿ ಕುಳಿತು ಫುಟ್ಬಾಲಿನ ಬಗ್ಗೆ ಬರೆಯುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಗೆ ಬಂದು ಕಾರ್ಯಾಗಾರ ಕಟ್ಟಿತು. ಹಿಂದೆಯೇ ಕ್ವಾರ್ಟರ್ಸುಗಳು ಬಂದವು, ಇಗರ್ಜಿ ಬಂತು, ಶಾಲೆ ಬಂತು, ಮೈದಾನ ಬಂತು. ರೈಲ್ವೆ ಎಲ್ಲಿ ಬೇರು ಬಿಟ್ಟಿತೋ ಅಲ್ಲೆಲ್ಲ ಚೆಂಡು ಉರುಳಿದೆ. ರೈಲ್ವೆಯ ತಂಡ ಸಂತೋಷ್ ಟ್ರೋಫಿಯನ್ನು ಮೂರು ಬಾರಿ ಗೆದ್ದಿದ್ದು ಸುಮ್ಮನೆ ಅಲ್ಲ. ರೈಲ್ವೆ ನೌಕರರ ಹಳೆಯ ಮನೆಗಳ ಗೋಡೆಯ ಮೇಲೆ ಇಂದಿಗೂ ಒಂದು ಬಗೆಯ ಫೋಟೋ ಕಾಣಸಿಗುತ್ತದೆ. ಹಿಂದಿನ ಸಾಲಿನವರು ಕೈಕಟ್ಟಿ ನಿಂತಿದ್ದಾರೆ, ಮುಂದಿನವರು ಕುರ್ಚಿಯ ಮೇಲೆ ಕುಳಿತಿದ್ದಾರೆ, ನಡುವೆ ಒಂದು ಕಪ್ಪು, ಅದರ ಮುಂದೆ ಚರ್ಮದ ಚೆಂಡು. ಯಾರೊಬ್ಬರೂ ಓಡುತ್ತಿಲ್ಲ, ಚೆಂಡು ಒದೆಯುತ್ತಿಲ್ಲ. ಜೀವನವಿಡೀ ಓಡಿದವರನ್ನು ನಾವು ನಿಂತ ಭಂಗಿಯಲ್ಲೇ ನೋಡಬೇಕಾಗಿ ಬಂದಿದ್ದು ಏಕೆ ಎಂಬುದೇ ಇಲ್ಲಿಯ ಪ್ರಶ್ನೆ.

ಈ ಪ್ರಶ್ನೆ ನಮ್ಮನ್ನು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಯ್ಯುತ್ತದೆ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಆ ಕಪ್ಪು ಬ್ರಿಟಿಷ್ ಪಲ್ಟನ್‌ಗಳ ಸೊತ್ತಾಗಿತ್ತು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ಇದು. ಫೈನಲ್ಲಿನಲ್ಲಿ ಸೋತದ್ದು ಯಾರು ಗೊತ್ತೆ? 1934ರಿಂದ ಕಲ್ಕತ್ತಾ ಲೀಗನ್ನು ಸಾಲಾಗಿ ಗೆಲ್ಲುತ್ತಿದ್ದ, ಮಳೆಗಾಲದ ಕೆಸರಿನಲ್ಲಿ ಬೂಟು ತೊಟ್ಟು ಆಡಿ ಹೆಸರಾಗಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್! ಮರುವರ್ಷ ಬೆಂಗಳೂರಿನವರು ಸ್ಕಾಟ್ಲೆಂಡಿನ ಹೈಲ್ಯಾಂಡರ್ಸ್ ಪಲ್ಟನ್ನನ್ನು ಮಣಿಸಿ ಕಪ್ಪು ಉಳಿಸಿಕೊಂಡರು. 1948ರಲ್ಲಿ ಮೋಹನ್ ಬಗಾನ್ ತಂಡವನ್ನು ಸೋಲಿಸಿ ಮತ್ತೊಮ್ಮೆ ತಂದರು. ದಂಡು ಪ್ರದೇಶದ ಗಲ್ಲಿಗಳಿಂದ ಎದ್ದು ಬಂದ ಬಡ ಹುಡುಗರು ಇಷ್ಟೆಲ್ಲ ಮಾಡಿದರು. ಇಂಥ ಸಾಹಸದ ಗುರುತಾಗಿ ನಮ್ಮ ಕಣ್ಣಿಗೆ ಬೀಳುವುದು ಮತ್ತೆ ಅದೇ ಗ್ರೂಪ್ ಫೋಟೋ.

ನಮ್ಮಲ್ಲಿ ಕೆಲವರು ಇದಕ್ಕೊಂದು ಸುಲಭದ ಉತ್ತರ ಇಟ್ಟುಕೊಂಡಿದ್ದಾರೆ: ಮುಸಲ್ಮಾನರಿಗೆ ಚಿತ್ರ ವರ್ಜ್ಯ, ಆದ್ದರಿಂದ ಅವರ ಇತಿಹಾಸಕ್ಕೆ ಚಿತ್ರವಿಲ್ಲ. ತಸ್ವೀರಿನ ಬಗ್ಗೆ ಉಲೇಮಾಗಳ ನಡುವೆ ವಾದ ಇದ್ದದ್ದು ನಿಜ, ಇಂದಿಗೂ ಇದೆ. ಆದರೆ ಅದು ಒಂದೇ ದನಿಯ ವಾದವಲ್ಲ. ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್ ಅಲ್-ಮುತೀಈ ಅವರು, ಫೋಟೋ ಎಂಬುದು ಹೊಸದೇನನ್ನೂ ಸೃಷ್ಟಿಸುವುದಿಲ್ಲ, ಅಲ್ಲಾಹನು ಸೃಷ್ಟಿಸಿದ್ದರ ನೆರಳನ್ನು ಹಿಡಿದಿಡುತ್ತದೆ ಅಷ್ಟೆ ಎಂದು ಒಂದು ಶತಮಾನದ ಹಿಂದೆಯೇ ವಾದಿಸಿದ್ದರು. ಮೌಲಾನಾ ಆಜಾದರು 1912ರಲ್ಲಿ ಕಲ್ಕತ್ತೆಯಿಂದ ಆರಂಭಿಸಿದ ‘ಅಲ್-ಹಿಲಾಲ್’ ಉರ್ದು ವಾರಪತ್ರಿಕೆ ಫೋಟೋಗಳನ್ನು ಅಚ್ಚು ಹಾಕುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಕೆ.ಪಿ. ಧನರಾಜ್, ಎಸ್. ರಾಮನ್ ಮೊದಲಾದ ಮೈಸೂರು ಸಂಸ್ಥಾನದ ಆಟಗಾರರ ಆಟದ ಚಿತ್ರಗಳೂ ಅಷ್ಟೇ ವಿರಳ. ಅವರ ಮನೆಯಲ್ಲಿ ಯಾವ ಫತ್ವಾ ಅಡ್ಡ ಬಂದಿತ್ತು? ಕಾರಣವನ್ನು ಧರ್ಮದಲ್ಲಿ ಹುಡುಕುವ ಮೊದಲು ಕ್ಯಾಮೆರಾದ ಹೊಟ್ಟೆಯಲ್ಲಿ ಹುಡುಕುವುದು ಒಳ್ಳೆಯದು.

ಲೆಕ್ಕ ಹೀಗಿದೆ. ಜೋರಾಗಿ ಓಡುವ ಆಟಗಾರ ಒಂದು ಸೆಕೆಂಡಿಗೆ 7 ಮೀಟರು ಸಾಗುತ್ತಾನೆ ಎಂದುಕೊಳ್ಳೋಣ. ಕ್ಯಾಮೆರಾದ ಬಾಗಿಲು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು ತೆರೆದಿದ್ದರೆ ಅಷ್ಟರಲ್ಲೇ ಅವನು 7 ಸೆಂಟಿಮೀಟರು ಸರಿದಿರುತ್ತಾನೆ. ಮುಖ ಹೋಗಿ ಹೊಗೆ ಉಳಿಯುತ್ತದೆ. ಸಾವಿರನೇ ಒಂದು ಭಾಗಕ್ಕೆ ಇಳಿಸಿದರೆ ಸರಿತ 7 ಮಿಲಿಮೀಟರಿಗೆ ಬರುತ್ತದೆ, ಮುಖ ಮುಖವಾಗಿಯೇ ಮೂಡುತ್ತದೆ. ಆದರೆ ಒಳಗೆ ಬರುವ ಬೆಳಕೂ ಹತ್ತನೇ ಒಂದಂಶಕ್ಕೆ ಇಳಿಯುತ್ತದೆ. ಆಗಿನ ಫಿಲ್ಮುಗಳು ಮಂದ. ಪಂದ್ಯ ನಡೆಯುತ್ತಿದ್ದುದು ಬಿಸಿಲು ಇಳಿದ ಮೇಲೆ, ಸಂಜೆ. ಬೆಳಕು ಬೇಕೆಂದರೆ ಚಲನೆ ಕೆಡುತ್ತದೆ, ಚಲನೆ ಬೇಕೆಂದರೆ ಬೆಳಕು ಸಾಲದು. ಇನ್ನು ರೋಲಿಫ್ಲೆಕ್ಸಿನಂಥ ಕ್ಯಾಮೆರಾದ ಮಸೂರವನ್ನು ಬದಲಾಯಿಸುವಂತೆಯೇ ಇರಲಿಲ್ಲ. ಮೂವತ್ತು ಮೀಟರ್ ದೂರದ ಆಟಗಾರ ಅದರಲ್ಲಿ ಇರುವೆಯಷ್ಟು ಕಾಣುತ್ತಾನೆ. ಒಂದು ರೋಲಿನಲ್ಲಿ ಹನ್ನೆರಡೇ ಚಿತ್ರ. ಇಡೀ ಆಟಕ್ಕೆ ಹನ್ನೆರಡು!

ಹೀಗಾಗಿ ಫೋಟೋಗ್ರಾಫರನು ಆಟದ ಹಿಂದೆ ಓಡುತ್ತಿರಲಿಲ್ಲ, ಆಟ ತನ್ನ ಬಳಿಗೆ ಬರುವುದನ್ನು ಕಾಯುತ್ತಿದ್ದ. ಗೋಲು ಕಂಬದ ಪಕ್ಕ, ಗೆರೆಯ ಆಚೆ ನೆಲದ ಮೇಲೆ ಕುಳಿತು, ಗೋಲಿನ ಮುಂದಿನ ಒಂದು ಜಾಗಕ್ಕೆ ಮೊದಲೇ ಫೋಕಸ್ ಕಟ್ಟಿಟ್ಟು, ಅಲ್ಲಿಗೆ ಯಾರಾದರೂ ಬರಲಿ ಎಂದು ಕಾಯುವುದು. ಬದಿಯ ಗೆರೆಗಿಂತ ಈ ಜಾಗ ಮೇಲು, ಏಕೆಂದರೆ ಇಲ್ಲಿ ಆಟಗಾರ ಎದುರಿಗೆ ಬರುತ್ತಾನೆ. ಅವನ ಕಣ್ಣು, ಕಚ್ಚಿದ ಹಲ್ಲು, ಎದುರಾಳಿಯ ಮೊಣಕೈ ಎಲ್ಲವೂ ಕಾಣುತ್ತವೆ. ಮಸೂರ ಎಷ್ಟು ಉದ್ದವಾದರೂ ಇಂದಿಗೂ ಈ ಜಾಗ ಬದಲಾಗಿಲ್ಲ. ಒಂದು ತೊಂದರೆಯೂ ಇದೆ. ಯಾವ ಗೋಲಿನ ಬಳಿ ಕೂರಬೇಕು? ಬಲವಾದ ತಂಡ ದಾಳಿ ಮಾಡುವ ತುದಿಯಲ್ಲಿ. ಅಂದರೆ ದುರ್ಬಲ ತಂಡ ಅಪ್ಪಿತಪ್ಪಿ ಗೋಲು ಹೊಡೆದರೆ ಅದು ಫೋಟೋಗ್ರಾಫರನಿಂದ ನೂರು ಮೀಟರ್ ಆಚೆ ನಡೆದುಹೋಗುತ್ತದೆ. ಇತಿಹಾಸ ಬರೆಯುವವರ ಕಷ್ಟವೂ ಇದೇ ಅಲ್ಲವೆ ಎಂದು ನಮಗೆ ಹಲವು ಬಾರಿ ಅನ್ನಿಸಿದೆ.

ತೆಗೆದ ಚಿತ್ರ ಪತ್ರಿಕೆಗೆ ತಲುಪುವುದು ಇನ್ನೊಂದು ಪಾಡು. ಫಿಲ್ಮು ತೊಳೆದು, ಪ್ರಿಂಟ್ ಹಾಕಿ, ಅದರಿಂದ ಸತುವಿನ ಬ್ಲಾಕ್ ಮಾಡಿಸಿದರೆ ಮಾತ್ರ ಅಚ್ಚು. ಬ್ಲಾಕಿಗೆ ದುಡ್ಡು ಬೇಕು, ಹೊತ್ತು ಬೇಕು. ಪಂದ್ಯ ಮುಗಿಯುವ ತನಕ ಕೂತರೆ ಮರುದಿನದ ಪತ್ರಿಕೆ ತಪ್ಪುತ್ತದೆ. ಹಾಗಾಗಿ ಪತ್ರಿಕಾ ಫೋಟೋಗ್ರಾಫರುಗಳು ಮಧ್ಯಂತರಕ್ಕೇ ಎದ್ದು ಹೋಗುವುದೂ ಇತ್ತು, ಆಗ ದ್ವಿತೀಯಾರ್ಧದ ಗೋಲುಗಳು ಓದುಗರ ಊಹೆಗೆ ಬಿಟ್ಟದ್ದು. ಗೆದ್ದ ತಂಡವನ್ನು ಸ್ಟುಡಿಯೋದಲ್ಲೋ ಮೈದಾನದಲ್ಲೋ ಸಾಲಾಗಿ ಕೂರಿಸಿ ಒಂದು ಫೋಟೋ ತೆಗೆಸಿದರೆ ಬೆಳಕು ಸರಿಯಿರುತ್ತದೆ, ಎಲ್ಲರ ಮುಖ ಬರುತ್ತದೆ, ಒಂದೇ ಬ್ಲಾಕು ಹತ್ತು ಸಲ ಉಪಯೋಗಕ್ಕೆ ಬರುತ್ತದೆ. ಗ್ರೂಪ್ ಫೋಟೋದ ಗುಟ್ಟು ಇಷ್ಟೇ. ಅದು ಬಡತನದ ಜಾಣ್ಮೆ.

1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತ ಫ್ರಾನ್ಸಿನ ವಿರುದ್ಧ ಆಡಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಇಳಿದಿದ್ದರು. ಎರಡು ಪೆನಾಲ್ಟಿ ಕೈಬಿಟ್ಟು 2-1ರಿಂದ ಸೋತರು. ಆ ಒಂದು ಗೋಲು ನಮ್ಮ ಮೈಸೂರಿನ ರಾಮನ್ ಅವರದು. ಬೆಂಗಳೂರಿನ ಅಹ್ಮದ್ ಖಾನ್ ಅದೇ ತಂಡದಲ್ಲಿದ್ದರು. ಬರಿಗಾಲಿನ ಆಟಗಾರರು ಅಲ್ಲಿನ ಪತ್ರಿಕೆಗಳಿಗೆ ಬೆರಗಿನ ವಸ್ತುವಾದರು. ಆ ಪಂದ್ಯ ನಡೆದ ಊರಿನ ಹೆಸರು ಇಲ್ಫೋರ್ಡ್. ಆಲ್ಫ್ರೆಡ್ ಹಾರ್ಮನ್ ಎಂಬಾತ 1879ರಲ್ಲಿ ಫೋಟೋದ ಗಾಜಿನ ಪ್ಲೇಟು ತಯಾರಿಸಲು ಶುರುಮಾಡಿದ್ದು ಅಲ್ಲಿಯೇ, ನಮ್ಮ ಸ್ಟುಡಿಯೋಗಳಿಗೆಲ್ಲ ಪರಿಚಿತವಾದ ಇಲ್ಫೋರ್ಡ್ ಫಿಲ್ಮಿನ ಹೆಸರು ಬಂದದ್ದೂ ಆ ಊರಿನಿಂದಲೇ. ಕಥೆಯಲ್ಲಿ ಇದನ್ನು ಬರೆದಿದ್ದರೆ ಸಂಪಾದಕರು ‘ಅತಿಯಾಯಿತು’ ಎಂದು ಹೊಡೆದುಹಾಕುತ್ತಿದ್ದರು.

ಅಹ್ಮದ್ ಖಾನರ ವಿಷಯ ಇನ್ನಷ್ಟು ಹೇಳಬೇಕು. 1949ರಲ್ಲಿ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿ ಸಾಲೇ, ಅಪ್ಪಾರಾವ್, ವೆಂಕಟೇಶ್, ಧನರಾಜ್, ಅಹ್ಮದ್ ಖಾನ್ ಈ ಐವರ ಮುಂಚೂಣಿಗೆ ಬಂಗಾಳದ ಜನ ‘ಪಂಚ ಪಾಂಡವರು’ ಎಂದು ಹೆಸರಿಟ್ಟರು. ಐವರಲ್ಲಿ ಇಬ್ಬರು ಮುಸಲ್ಮಾನರು, ಬಂಗಾಳದವರು ಒಬ್ಬರೂ ಇರಲಿಲ್ಲ. ಆ ಹೆಸರು ಯಾರಿಗೂ ವಿಚಿತ್ರವೆನಿಸಲಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ತೊಳೆದುಹಾಕಿದಾಗ ಆ ಒಂದು ಗೋಲು ಹೊಡೆದವರೂ ಅವರೇ. ಚೆಂಡನ್ನು ಕಾಲಿನಲ್ಲೇ ಆಡಿಸುವ ಅವರ ಬಗೆಯನ್ನು ಕಂಡವರು ಹಾವಾಡಿಗನಿಗೆ ಹೋಲಿಸಿದರು. 2017ರ ಆಗಸ್ಟಿನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಹಾವಾಡಿಗ ಎಂಬ ಮಾತು ಉಳಿದಿದೆ. ಆದರೆ ಆ ಕಾಲು ಹೇಗೆ ತಿರುಗುತ್ತಿತ್ತು, ಸೊಂಟ ಯಾವ ಕಡೆ ಬಾಗಿ ಯಾರನ್ನು ಮೋಸಗೊಳಿಸುತ್ತಿತ್ತು ಎಂಬುದನ್ನು ಇಂದಿನ ಹುಡುಗನಿಗೆ ತೋರಿಸಲು ಕೈಯಲ್ಲಿ ಏನಿದೆ?

ಮುಂದಿನ ಕಥೆ ಬೇಗ ಸಾಗುತ್ತದೆ. 1950ರ ದಶಕದಲ್ಲಿ ವೇಗದ ಫಿಲ್ಮು ಬಂತು, 1959ರಲ್ಲಿ ನಿಕಾನ್ ಎಫ್ ಬಂತು, ಉದ್ದ ಮಸೂರಗಳು ಬಂದವು. ಆದರೆ ವಿದೇಶಿ ವಿನಿಮಯದ ಬಿಕ್ಕಟ್ಟಿನ ಆ ವರ್ಷಗಳಲ್ಲಿ ಹೊರಗಿನ ಫಿಲ್ಮು, ಕ್ಯಾಮೆರಾ ಎರಡೂ ದುರ್ಲಭ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 1967ರಲ್ಲಿ ಉತ್ಪಾದನೆ ಆರಂಭಿಸಿದ ಮೇಲೆ ‘ಇಂದು’ ಫಿಲ್ಮು ಸಿಕ್ಕಿತು. ಮೈಸೂರು ರಾಜ್ಯ 1967-68 ಮತ್ತು 1968-69ರಲ್ಲಿ ಸತತವಾಗಿ ಸಂತೋಷ್ ಟ್ರೋಫಿ ಗೆದ್ದದ್ದೂ ಅದೇ ಹೊತ್ತಿಗೆ. ಮಸೂರ ನಮ್ಮ ಊರುಗಳಿಗೆ ಬರುವಷ್ಟರಲ್ಲಿ ಆಟ ಇಳಿಮುಖವಾಗಿತ್ತು, ಪತ್ರಿಕೆಗಳ ಆಟದ ಪುಟವನ್ನು ಕ್ರಿಕೆಟ್ಟು ನುಂಗಿಬಿಟ್ಟಿತ್ತು.

ಇಂದು ಪರಿಸ್ಥಿತಿ ತಲೆಕೆಳಗಾಗಿದೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ಪಿನ ಫೈನಲ್ಲಿಗೆ ಹೋಯಿತು, 2019ರಲ್ಲಿ ಐಎಸ್‌ಎಲ್ ಗೆದ್ದಿತು. ಕಂಠೀರವ ಕ್ರೀಡಾಂಗಣದಲ್ಲಿ ಜಾಹೀರಾತು ಹಲಗೆಗಳ ಹಿಂದೆ ಬಣ್ಣದ ಜಾಕೀಟು ತೊಟ್ಟು, ಪುಟ್ಟ ಸ್ಟೂಲಿನ ಮೇಲೆ ಕೂತ ಫೋಟೋಗ್ರಾಫರುಗಳ ಕ್ಯಾಮೆರಾ ಕಣ್ಣನ್ನು ತಾನೇ ಗುರುತಿಸಿ ಫೋಕಸ್ ಮಾಡುತ್ತದೆ, ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುತ್ತದೆ. ಆಟ ನಡೆಯುತ್ತಿರುವಾಗಲೇ ಅವು ಊರೂರಿನ ಪತ್ರಿಕಾಲಯಗಳನ್ನು ತಲುಪುತ್ತವೆ. 2023ರ ಮಾರ್ಚಿನಲ್ಲಿ ಸೌದಿ ಅರೇಬಿಯಾದ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಾಗ, ಅದರ ಚಿತ್ರಗಳನ್ನು ನಮ್ಮ ಓಣಿಯ ಹುಡುಗರು ಅದೇ ರಾತ್ರಿ ಮೊಬೈಲಿನಲ್ಲಿ ನೋಡಿದರು.

ಆದ್ದರಿಂದ ಈಗ ಆಗಬೇಕಾದ ಕೆಲಸ ಹಳೆಯದರದು. ಬೆಂಗಳೂರಿನ ಶಿವಾಜಿನಗರದಲ್ಲಿ, ಇತ್ತ ಕೇಶ್ವಾಪುರದ ರೈಲ್ವೆ ಮನೆಗಳಲ್ಲಿ ಉಳಿದಿರುವ ಗ್ರೂಪ್ ಫೋಟೋಗಳನ್ನು ಗೆದ್ದಲು ತಿನ್ನುವ ಮೊದಲು ನಕಲು ಮಾಡಿಡಬೇಕು. ಬರೀ ಮುಂಭಾಗ ಸಾಲದು, ಹಿಂಭಾಗವನ್ನೂ ತೆಗೆಯಬೇಕು. ಹೆಸರುಗಳಿರುವುದು ಅಲ್ಲಿ. ಒಂದು ಎಚ್ಚರಿಕೆ: ಮುಸ್ಲಿಂ ಮನೆಗಳ ಫೋಟೋಗಳ ಹಿಂದೆ ಹೆಸರುಗಳನ್ನು ಉರ್ದುವಿನಲ್ಲಿ ಬರೆದಿರುವುದುಂಟು. ಉರ್ದು ಬಲದಿಂದ ಎಡಕ್ಕೆ ಸಾಗುತ್ತದೆ. ಆ ಸಾಲನ್ನು ಎಡದಿಂದ ಬಲಕ್ಕೆ ಕನ್ನಡಕ್ಕಿಳಿಸಿ ಫೋಟೋದ ಕೆಳಗೆ ಅಂಟಿಸಿದರೆ ಎಡತುದಿಯ ಗೋಲ್‌ಕೀಪರು ಬಲತುದಿಗೆ ಹೋಗುತ್ತಾನೆ, ಒಬ್ಬರ ಮುಖಕ್ಕೆ ಇನ್ನೊಬ್ಬರ ಹೆಸರು ಬೀಳುತ್ತದೆ. ನಡುವೆ ಕಪ್ಪಿನ ಹಿಂದೆ ಕೂತ ಕ್ಯಾಪ್ಟನ್ ಒಬ್ಬನ ಹೆಸರು ಮಾತ್ರ ಎರಡೂ ಲಿಪಿಯಲ್ಲಿ ಸರಿಯಾಗಿರುತ್ತದೆ.