ನಮ್ಮ ಮಕ್ಕಳ ಗುದ್ದು ಎಲ್ಲಿಂದ ಬಂತು?



ಗ್ಯೋಟೋಕುವಿನಲ್ಲಿ ರಜೆಯ ದಿನ ಬೆಳಿಗ್ಗೆ ಬಿಳಿ ಅಂಗಿ ತೊಟ್ಟು, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಕರಾಟೆ ಕಲಿಯಲು ಹೊರಡುವ ಮಕ್ಕಳಲ್ಲಿ ನಮ್ಮ ಕನ್ನಡದ ಮಕ್ಕಳೂ ಇದ್ದಾರೆ. ನಾವು ಗೋಡೆಗೆ ಒರಗಿ ಕೂತು ನೋಡುತ್ತೇವೆ. ವಾರಗಟ್ಟಲೆ ಒಂದೇ ಪಾಠ. ನಿಂತಲ್ಲೇ ನಿಂತು ‘ಇಚಿ, ನಿ, ಸನ್’ ಎಂದು ಎಣಿಸುತ್ತ ಗಾಳಿಗೆ ಗುದ್ದುವುದು. "ಇಷ್ಟಕ್ಕೆ ಇಷ್ಟು ದಿನ ಬೇಕೇ?" ಎಂದು ನಮಗೂ ಅನ್ನಿಸಿದ್ದುಂಟು.

ಮನೆಗೆ ಬಂದು ನಾವೇ ಮಾಡಿ ನೋಡಿದಾಗ ಅದರ ಕಷ್ಟ ತಿಳಿಯಿತು. ಈ ನೇರ ಗುದ್ದಿಗೆ ‘ಚೊಕು-ಜುಕಿ’ ಎನ್ನುತ್ತಾರೆ. ಬೆರಳುಗಳನ್ನು ತುದಿಯಿಂದ ಬಿಗಿಯಾಗಿ ಮಡಚಿ, ಹೆಬ್ಬೆರಳನ್ನು ಮೇಲಿಂದ ಅಡ್ಡ ಒತ್ತಬೇಕು. ಹೆಬ್ಬೆರಳು ಒಳಗೆ ಸೇರಿದರೆ ಮುರಿಯುವುದು ನಮ್ಮದೇ ಬೆರಳು. ಮುಷ್ಟಿ ಸೊಂಟದ ಬಳಿಯಿಂದ ಅಂಗೈ ಮೇಲಾಗಿ ಹೊರಟು, ಕೊನೆಯಲ್ಲಿ ತಿರುಗಿ ಅಂಗೈ ಕೆಳಗಾಗಬೇಕು. ತಾಗಬೇಕಾದದ್ದು ತೋರುಬೆರಳು ಮತ್ತು ನಡುಬೆರಳಿನ ಗೆಣ್ಣು ಮಾತ್ರ. ಮಣಿಕಟ್ಟು ಬಾಗಬಾರದು, ಭುಜ ಏಳಬಾರದು. ಒಂದು ಕೈ ಮುಂದೆ ಹೋಗುವಾಗ ಇನ್ನೊಂದು ಅಷ್ಟೇ ವೇಗದಲ್ಲಿ ಸೊಂಟಕ್ಕೆ ಹಿಂದಿರುಗಬೇಕು. ಇದೇ ‘ಹಿಕಿತೆ’. ಮಕ್ಕಳು ಮರೆಯುವುದು ಹಿಂದೆ ಬರಬೇಕಾದ ಈ ಕೈಯನ್ನೇ!

ಹೀಗಿರುವಾಗ ನಮ್ಮ ಮಕ್ಕಳಲ್ಲೊಬ್ಬ ತರಗತಿಯಲ್ಲಿ, "ಕರಾಟೆ ನಮ್ಮ ದೇಶದಿಂದಲೇ ಬಂದದ್ದು, ಅಪ್ಪ ಹೇಳಿದ್ದಾರೆ" ಎಂದುಬಿಟ್ಟನಂತೆ. ಜೊತೆಯ ಜಪಾನೀ ಹುಡುಗ ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆದು ಮಗ ಅಳುತ್ತ ಮನೆಗೆ ಬಂದ. ಹೇಳಿಕೊಟ್ಟವರು ನಾವು, ಅತ್ತವನು ಅವನು. ಹಾಗಾಗಿ ನಿಜವೇನೆಂದು ತಿಳಿಯುವ ಜವಾಬ್ದಾರಿ ನಮ್ಮ ಮೇಲೇ ಬಂತು.

ನಾವು ಹೇಳಿಕೊಟ್ಟ ಕಥೆ ನಿಮಗೂ ಗೊತ್ತಿರುತ್ತದೆ. ದಕ್ಷಿಣ ಭಾರತದ ಬೋಧಿಧರ್ಮ ಚೀನಾಕ್ಕೆ ಹೋಗಿ ಶಾವೊಲಿನ್ ವಿಹಾರದ ಭಿಕ್ಷುಗಳಿಗೆ ಮುಷ್ಟಿವಿದ್ಯೆ ಕಲಿಸಿದ, ಅದೇ ಕರಾಟೆಯಾಯಿತು ಎಂಬುದು. ಬೋಧಿಧರ್ಮನೇ ಜಪಾನಿನ ‘ದಾರುಮ’. ಅವನನ್ನು ನೋಡಲು ದೂರ ಹೋಗಬೇಕಿಲ್ಲ. 1610ರಲ್ಲಿ ಸ್ಥಾಪನೆಯಾದ ನಮ್ಮ ಹಳೆ ಗ್ಯೋಟೋಕುವಿನ ತೊಕುಗಾನ್‌ಜಿ ಮಂದಿರದಲ್ಲಿ ಖಡ್ಗವೀರ ಮಿಯಾಮೊಟೊ ಮುಸಾಶಿ ಬರೆದದ್ದೆಂದು ಹೇಳುವ ದಾರುಮನ ಚಿತ್ರವಿದೆ. ಆದರೆ ಬೋಧಿಧರ್ಮ ವ್ಯಾಯಾಮ ಕಲಿಸಿದನೆನ್ನುವ ‘ಯೀಜಿನ್‌ಜಿಂಗ್’ ಗ್ರಂಥ ಸಿದ್ಧವಾದದ್ದು 1624ರಲ್ಲಿ, ಅವನ ಕಾಲಕ್ಕೆ ಸಾವಿರ ವರ್ಷಕ್ಕೂ ಹೆಚ್ಚು ನಂತರ. ಚೀನಾದವರೇ ಆದ ಇತಿಹಾಸಕಾರ ಟಾಂಗ್ ಹಾವೊ 1930ರ ದಶಕದಲ್ಲೇ ಈ ಕಥೆಗೆ ಆಧಾರವಿಲ್ಲವೆಂದು ತೋರಿಸಿದರು. ನಮ್ಮ ಹೆಮ್ಮೆಗೆ ಸ್ವಲ್ಪ ಪೆಟ್ಟಾಯಿತು, ನಿಜ.

ಹಾಗಾದರೆ ಕರಾಟೆ ಜಪಾನಿನದೇ? ಅದೂ ಪೂರ್ತಿ ಹೌದೆನ್ನಲಾಗದು. ಅದರ ತವರು ಒಕಿನಾವಾ ದ್ವೀಪ. ಆಗ ಅದು ರ್ಯೂಕ್ಯೂ ಎಂಬ ಬೇರೆಯೇ ರಾಜ್ಯ. 1372ರಿಂದ ಚೀನಾಕ್ಕೆ ಕಪ್ಪಕಾಣಿಕೆ ಒಪ್ಪಿಸುತ್ತ ವ್ಯಾಪಾರ ನಡೆಸುತ್ತಿತ್ತು. 1609ರಲ್ಲಿ ಜಪಾನಿನ ಸತ್ಸುಮಾ ಪಾಳೆಯ ಅದನ್ನು ಗೆದ್ದಿತು, 1879ರಲ್ಲಿ ಅದು ಜಪಾನಿನ ಒಂದು ಪ್ರಾಂತವಾಯಿತು. ಅಲ್ಲಿಯವರ ‘ತೆ’, ಅಂದರೆ ಕೈ, ಚೀನಾದ ಮುಷ್ಟಿವಿದ್ಯೆಯೊಡನೆ ಬೆರೆತು ಬೆಳೆದದ್ದೇ ಕರಾಟೆ. ‘ಕರ’ ಎಂಬುದನ್ನು ಆಗ ಚೀನಾದ ಟಾಂಗ್ ವಂಶದ ಅಕ್ಷರದಲ್ಲೇ ಬರೆಯುತ್ತಿದ್ದರು.

ಗುಟ್ಟಾಗಿ ಕಲಿಸುತ್ತಿದ್ದ ಈ ವಿದ್ಯೆಯನ್ನು 20ನೇ ಶತಮಾನದ ಆರಂಭದಲ್ಲಿ ಒಕಿನಾವಾದ ಶಾಲೆಗಳಿಗೆ ತಂದವರು ಇತೊಸು ಅಂಕೊ. 1908ರಲ್ಲಿ ಅವರು ಇದರ ಪ್ರಯೋಜನಗಳನ್ನು ಹತ್ತು ಅಂಶಗಳಲ್ಲಿ ಬರೆದು ಶಾಲೆಗಳಲ್ಲಿ ಹರಡಬೇಕೆಂದು ಒತ್ತಾಯಿಸಿದರು. ಮಕ್ಕಳಿಗಾಗಿ ಸುಲಭದ ‘ಪಿನಾನ್’ ಪಾಠಗಳನ್ನು ಕಟ್ಟಿದರು. ಅವರ ಶಿಷ್ಯ, ಶಾಲಾ ಮಾಸ್ತರರಾಗಿದ್ದ ಫುನಾಕೋಶಿ ಗಿಚಿನ್, 1922ರಲ್ಲಿ ಟೋಕಿಯೋಕ್ಕೆ ಬಂದು ಪ್ರದರ್ಶನ ಕೊಟ್ಟು ಇಲ್ಲಿಯೇ ನೆಲೆಸಿದರು. ಮೊದಲ ದಿನಗಳಲ್ಲಿ ವಿದ್ಯಾರ್ಥಿನಿಲಯವೊಂದರಲ್ಲಿ ಕಸ ಗುಡಿಸಿಕೊಂಡು ಕಲಿಸಿದರಂತೆ. ಪರಊರಿಗೆ ಬಂದವರ ಪಾಡು ನಮಗೆ ಬಿಡಿಸಿ ಹೇಳಬೇಕಿಲ್ಲ.

1930ರ ದಶಕದಲ್ಲಿ ಚೀನಾದ ಮೇಲಿನ ದ್ವೇಷ ಏರುತ್ತಿದ್ದಾಗ ‘ಟಾಂಗ್’ ಅಕ್ಷರ ಹೋಗಿ, ಅದೇ ಉಚ್ಚಾರದ, ‘ಬರಿದು’ ಎಂಬ ಅರ್ಥದ ಅಕ್ಷರ ಬಂತು. 1905ರಲ್ಲೇ ಒಬ್ಬ ಗುರು ಅದನ್ನು ಬಳಸಿದ್ದರೂ, ಒಕಿನಾವಾದ ಗುರುಗಳು ನಾಹಾ ನಗರದಲ್ಲಿ ಸೇರಿ ಒಪ್ಪಿದ್ದು 1936ರ ಅಕ್ಟೋಬರ್ 25ರಂದು. ಫುನಾಕೋಶಿಯವರು ಆ ಅಕ್ಷರಕ್ಕೆ ಬೌದ್ಧರ ಅರ್ಥ ಹೇಳಿದರು. ಸಂಸ್ಕೃತದ ‘ಶೂನ್ಯ’ಕ್ಕೆ ಚೀನೀ ಬೌದ್ಧರು ಬಳಸಿದ ಅಕ್ಷರವೇ ಅದು! ನಮ್ಮ ಕಡೆಯಿಂದ ಬಂದದ್ದು ಗುದ್ದಲ್ಲ, ಶೂನ್ಯ ಎನ್ನಬಹುದೇನೋ.

ನಮ್ಮಲ್ಲಿ ಗುದ್ದೇ ಇರಲಿಲ್ಲವೆಂದಲ್ಲ. 12ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲರಿಗಾಗಿ ಒಂದು ಭಾಗವನ್ನೇ ಮೀಸಲಿಟ್ಟ. 1520ರ ಸುಮಾರಿಗೆ ವಿಜಯನಗರದ ಮಹಾನವಮಿ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಅಲ್ಲಿಯ ಜಟ್ಟಿಗಳ ಹೊಡೆತಕ್ಕೆ ಹಲ್ಲು ಮುರಿದು ಮುಖ ವಿಕಾರವಾಗುತ್ತಿತ್ತೆಂದು ಬರೆದಿದ್ದಾನೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ಬೆಳಿಗ್ಗೆ ನಡೆಯುವ ವಜ್ರಮುಷ್ಟಿ ಕಾಳಗವನ್ನು ನಮ್ಮಲ್ಲಿ ಕೆಲವರು ಕಂಡಿದ್ದೇವೆ. ತಲೆ ಬೋಳಿಸಿ ಜುಟ್ಟು ಬಿಟ್ಟ ಜಟ್ಟಿಗಳು ಬೆರಳಿಗೆ ವಜ್ರಮುಷ್ಟಿ ಧರಿಸಿ ಸೆಣಸುತ್ತಾರೆ. ನೆತ್ತಿಯಿಂದ ಮೊದಲ ಹನಿ ರಕ್ತ ಚಿಮ್ಮುತ್ತಲೇ ಕಾಳಗ ಮುಗಿಯುತ್ತದೆ. ಕೆಲವೇ ಕ್ಷಣಗಳ ಆಟ.

ಒಂದು ವಿದ್ಯೆ ಅರಮನೆಯ ಅಂಗಳದಲ್ಲಿ, ಕೆಲವೇ ಮನೆತನಗಳಲ್ಲಿ ಉಳಿಯಿತು. ಇನ್ನೊಂದು ಶಾಲೆಯ ಅಂಗಳಕ್ಕೆ ಇಳಿದು, 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನವರೆಗೂ ಹೋಯಿತು. ಯಾವುದು ಹಳೆಯದು ಎಂಬುದಕ್ಕಿಂತ ಯಾವುದನ್ನು ಮಕ್ಕಳಿಗೆ ಕಲಿಸಿದರು ಎಂಬುದು ದೊಡ್ಡದಾಯಿತು. ಕನ್ನಡ ತರಗತಿಗೆ ಮಕ್ಕಳನ್ನು ಕಳಿಸಲು ಹಿಂದೆಮುಂದೆ ನೋಡುವ ನಮಗೆಲ್ಲ ಇದು ಯೋಚಿಸುವ ಮಾತು.

ಮಗನಿಗೆ ಇದನ್ನೆಲ್ಲ ಕೂರಿಸಿ ಹೇಳಿದೆವು. ಮುಂದಿನ ವಾರ ಅವನು ಆ ಜಪಾನೀ ಹುಡುಗನಿಗೆ ವಜ್ರಮುಷ್ಟಿಯ ವಿಷಯ ಹೇಳಿದನಂತೆ. ಆ ಹುಡುಗ, "ರಕ್ತ ಬರೋವರೆಗೂನಾ?" ಎಂದು ಬಾಯಿಬಿಟ್ಟು ಕೇಳಿದನಂತೆ. ಈಗ ಇಬ್ಬರೂ ಅಕ್ಕಪಕ್ಕ ನಿಂತು ಗಾಳಿಗೆ ಗುದ್ದುತ್ತಾರೆ. ನಮ್ಮವನು ಹಿಂದೆ ಬರಬೇಕಾದ ಕೈಯನ್ನು ಇನ್ನೂ ಮರೆಯುತ್ತಾನೆ.

ವಜ್ರಮುಷ್ಟಿ ಕಾಳಗವನ್ನು ಕಣ್ಣಾರೆ ಕಂಡ ಹಿರಿಯರು ಸಂಘದಲ್ಲಿದ್ದರೆ, ಮುಂದಿನ ಕೂಟದಲ್ಲಿ ಮಕ್ಕಳಿಗೆ ಹೇಳಬೇಕೆಂದು ನಮ್ಮ ಕೋರಿಕೆ.