ಜಾರ್ಜ್ ಫರ್ನಾಂಡಿಸ್

ಜಾರ್ಜ್ ಫರ್ನಾಂಡಿಸ್ (3 ಜೂನ್ 1930 – 29 ಜನವರಿ 2019) ಭಾರತದ ಕಾರ್ಮಿಕ ನಾಯಕರು, ಸಮಾಜವಾದಿ ರಾಜಕಾರಣಿ ಹಾಗೂ ಕೇಂದ್ರ ಸಚಿವರು. ಕೈಗಾರಿಕೆ, ರೈಲ್ವೆ ಮತ್ತು ರಕ್ಷಣಾ ಖಾತೆಗಳನ್ನು ಬೇರೆ ಬೇರೆ ಸರ್ಕಾರಗಳಲ್ಲಿ ನಿರ್ವಹಿಸಿದರು. 1974ರಲ್ಲಿ ದೇಶದ ರೈಲು ಸಂಚಾರವನ್ನು ಸ್ತಬ್ಧಗೊಳಿಸಿದ ಮುಷ್ಕರದ ನೇತಾರರಾಗಿದ್ದ ಅವರು ಹದಿನೈದು ವರ್ಷಗಳ ಬಳಿಕ ರೈಲ್ವೆ ಸಚಿವರಾದರು.

ಆರಂಭಿಕ ಜೀವನ

ಮಂಗಳೂರಿನ ಕೊಂಕಣಿ ಮಾತೃಭಾಷೆಯ ಕ್ಯಾಥೊಲಿಕ್ ಕುಟುಂಬವೊಂದರಲ್ಲಿ ಆರು ಮಕ್ಕಳ ಪೈಕಿ ಹಿರಿಯರಾಗಿ ಜನಿಸಿದರು. ತಾಯಿ ಆಲಿಸ್ ಅವರಿಗೆ ಐದನೆಯ ಜಾರ್ಜ್ ದೊರೆಯ ಮೇಲೆ ಅಭಿಮಾನ. ದೊರೆಯ ಜನ್ಮದಿನವೂ ಜೂನ್ 3 ಆಗಿದ್ದುದರಿಂದ ಮಗನಿಗೆ ಆ ಹೆಸರನ್ನಿಟ್ಟರು. ಪಾದ್ರಿಯಾಗಲೆಂದು 1946ರಲ್ಲಿ ಬೆಂಗಳೂರಿನ ಸೆಮಿನರಿಗೆ ಕಳುಹಿಸಲಾಯಿತು. ಅಲ್ಲಿ ಗುರುಗಳಿಗೂ ವಿದ್ಯಾರ್ಥಿಗಳಿಗೂ ಊಟದಲ್ಲಿದ್ದ ಪಂಕ್ತಿಭೇದವನ್ನು ಸಹಿಸದೆ ಎರಡು ವರ್ಷಗಳಲ್ಲಿ ಹೊರಬಂದರು. ಕೆಲಕಾಲ 'ರೈತವಾಣಿ' ಎಂಬ ಕನ್ನಡ ವಾರಪತ್ರಿಕೆಯ ಸಂಪಾದಕರಾಗಿದ್ದರು.

ಕಾರ್ಮಿಕ ಚಳವಳಿ

ಉದ್ಯೋಗ ಅರಸಿ ಮುಂಬಯಿಗೆ ಹೋದ ಅವರು ಚೌಪಾಟಿಯ ಮರಳಿನ ಮೇಲೆ ಮಲಗಿ ದಿನ ಕಳೆದದ್ದುಂಟು. ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ದೊರೆತ ಮೇಲೆ ಬಂದರು ಕಾರ್ಮಿಕರ ಮುಖಂಡ ಪ್ಲಾಸಿಡ್ ಡಿಮೆಲ್ಲೊ ಹಾಗೂ ರಾಮಮನೋಹರ ಲೋಹಿಯಾ ಅವರ ಪ್ರಭಾವಕ್ಕೆ ಒಳಗಾದರು. 1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಪ್ರಬಲ ನಾಯಕ ಎಸ್. ಕೆ. ಪಾಟೀಲರನ್ನು ಸೋಲಿಸಿ ದೇಶದ ಗಮನ ಸೆಳೆದರು. ಪಾಟೀಲರು ಆಗ ರೈಲ್ವೆ ಸಚಿವರಾಗಿದ್ದರೆಂಬುದು ಇಲ್ಲಿ ಸ್ಮರಣೀಯ.

ಅಖಿಲ ಭಾರತ ರೈಲ್ವೆ ನೌಕರರ ಒಕ್ಕೂಟದ ಅಧ್ಯಕ್ಷರಾಗಿ ಅವರು ಸಂಘಟಿಸಿದ ಮುಷ್ಕರ 1974ರ ಮೇ 8ರಿಂದ 27ರವರೆಗೆ ನಡೆಯಿತು. ಎಂಜಿನ್ ಸಿಬ್ಬಂದಿಗೆ ಎಂಟು ಗಂಟೆಗಳ ಕೆಲಸದ ಮಿತಿ ಮತ್ತು ಬೋನಸ್ ಮುಖ್ಯ ಬೇಡಿಕೆಗಳಲ್ಲಿ ಸೇರಿದ್ದವು. ಸರ್ಕಾರ ಸಹಸ್ರಾರು ಜನರನ್ನು ಬಂಧಿಸಿ, ಅನೇಕರನ್ನು ವಜಾ ಮಾಡಿ ಮುಷ್ಕರವನ್ನು ಮುರಿಯಿತು.

ತುರ್ತುಪರಿಸ್ಥಿತಿ

ತುರ್ತುಪರಿಸ್ಥಿತಿಯಲ್ಲಿ ಫರ್ನಾಂಡಿಸ್ ಭೂಗತರಾದರು. 1976ರ ಜೂನ್‌ನಲ್ಲಿ ಕಲ್ಕತ್ತೆಯಲ್ಲಿ ಬಂಧಿತರಾಗಿ ಬರೋಡಾ ಡೈನಮೈಟ್ ಪ್ರಕರಣದ ಪ್ರಮುಖ ಆರೋಪಿಯಾದರು. ಈ ಹೋರಾಟಕ್ಕೆ ಅವರಿಗಿಂತ ಹೆಚ್ಚಿನ ಬೆಲೆ ತೆತ್ತವರು ಕರ್ನಾಟಕದಲ್ಲಿದ್ದರು. ಅವರ ಸುಳಿವಿಗಾಗಿ ಸೋದರ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಪೊಲೀಸರು ತೀವ್ರವಾಗಿ ಹಿಂಸಿಸಿದರು. 'ಸಂಸ್ಕಾರ' ಚಿತ್ರದ ಅಭಿನೇತ್ರಿ ಸ್ನೇಹಲತಾ ರೆಡ್ಡಿ ಇದೇ ಪ್ರಕರಣದ ನಂಟಿನಿಂದ ಬೆಂಗಳೂರಿನ ಸೆರೆಮನೆ ಸೇರಿ, ಉಬ್ಬಸ ಉಲ್ಬಣಿಸಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ನಿಧನರಾದರು. ಅದೇ ವರ್ಷ ಫರ್ನಾಂಡಿಸ್ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರಪುರದಿಂದ ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

ಸಚಿವರಾಗಿ

ಜನತಾ ಸರ್ಕಾರದ ಕೈಗಾರಿಕಾ ಸಚಿವರಾಗಿ, ವಿದೇಶಿ ಕಂಪನಿಗಳು ಭಾರತದ ಘಟಕಗಳಲ್ಲಿನ ತಮ್ಮ ಷೇರು ಪಾಲನ್ನು ಇಳಿಸಬೇಕೆಂಬ ಕಾನೂನನ್ನು ಬಿಗಿಯಾಗಿ ಜಾರಿಗೊಳಿಸಿದರು. ಕೋಕಾ-ಕೋಲಾ ಮತ್ತು ಐಬಿಎಂ ದೇಶ ಬಿಟ್ಟವು. 1979ರ ಜುಲೈನಲ್ಲಿ ಲೋಕಸಭೆಯಲ್ಲಿ ಮೊರಾರ್ಜಿ ಸರ್ಕಾರವನ್ನು ಸಮರ್ಥಿಸಿ ಮಾತನಾಡಿ, ಕೆಲವೇ ದಿನಗಳಲ್ಲಿ ಎದುರು ಬಣ ಸೇರಿದ್ದು ಅವರ ಹೆಸರಿಗೆ ಅಂಟಿಕೊಂಡ ಕಳಂಕ. 1984ರಲ್ಲಿ ಬೆಂಗಳೂರು ಉತ್ತರದಲ್ಲಿ ಸಿ. ಕೆ. ಜಾಫರ್ ಷರೀಫ್ ಅವರೆದುರು ಸೋತರು.

1989ರ ಡಿಸೆಂಬರ್‌ನಿಂದ ಒಂದು ವರ್ಷಕ್ಕೂ ಕಡಿಮೆ ಅವಧಿ ರೈಲ್ವೆ ಸಚಿವರಾಗಿದ್ದರೂ ಅವರ ಅತ್ಯಂತ ಬಾಳಿಕೆಯ ಕಾರ್ಯ ಆಗಲೇ ನಡೆಯಿತು. ಸುತ್ತುದಾರಿಯಿಲ್ಲದೆ ಮಂಗಳೂರಿನಿಂದ ಮುಂಬಯಿಗೆ ರೈಲಿನಲ್ಲಿ ಹೋಗುವ ಮಾರ್ಗ ಅದುವರೆಗೂ ಇರಲಿಲ್ಲ. ಹಣಕಾಸು ಸಚಿವರಾಗಿದ್ದ ಕೊಂಕಣದ ಮಧು ದಂಡವತೆಯವರ ಬೆಂಬಲದಿಂದ 1990ರಲ್ಲಿ ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳಗಳು ಬಂಡವಾಳದಲ್ಲಿ ಪಾಲು ಪಡೆದವು. ಉಳಿದ ಬಹುಪಾಲನ್ನು ಬಾಂಡ್‌ಗಳ ಮೂಲಕ ಸಂಗ್ರಹಿಸಲಾಯಿತು. ಇ. ಶ್ರೀಧರನ್ ಅವರ ನೇತೃತ್ವದಲ್ಲಿ ನಿರ್ಮಾಣವಾದ ಸುಮಾರು 740 ಕಿ.ಮೀ. ಉದ್ದದ ಈ ಮಾರ್ಗ 1998ರ ಜನವರಿ 26ರಂದು ಪೂರ್ಣವಾಗಿ ತೆರೆಯಿತು.

1994ರಲ್ಲಿ ಸಮತಾ ಪಕ್ಷ ಕಟ್ಟಿ, ಮುಂದೆ ಭಾಜಪದೊಂದಿಗೆ ಮೈತ್ರಿ ಮಾಡಿಕೊಂಡದ್ದು ಹಳೆಯ ಸಮಾಜವಾದಿ ಸಂಗಾತಿಗಳಲ್ಲಿ ಹಲವರನ್ನು ನೋಯಿಸಿತು. ವಾಜಪೇಯಿ ಸಂಪುಟದ ರಕ್ಷಣಾ ಸಚಿವರಾಗಿದ್ದಾಗ ಪೋಖರಣ್ ಅಣುಪರೀಕ್ಷೆ (1998) ಹಾಗೂ ಕಾರ್ಗಿಲ್ ಯುದ್ಧ (1999) ನಡೆದವು. ಸಿಯಾಚಿನ್ ಸೈನಿಕರನ್ನು ಹಲವು ಬಾರಿ ಭೇಟಿಯಾದರು. 2001ರ ಮಾರ್ಚ್‌ನಲ್ಲಿ ತೆಹಲ್ಕಾ ಪ್ರಕರಣದಿಂದ ರಾಜೀನಾಮೆ ನೀಡಿ, ಅಕ್ಟೋಬರ್‌ನಲ್ಲಿ ಮರಳಿದರು.

ಕೊನೆಯ ವರ್ಷಗಳು

2009–10ರಲ್ಲಿ ರಾಜ್ಯಸಭಾ ಸದಸ್ಯರಾಗಿದ್ದರು. ಆಲ್ಝೈಮರ್ಸ್ ಕಾಯಿಲೆಯಿಂದ ನೆನಪು ಕಳೆದುಕೊಂಡು ದೀರ್ಘಕಾಲ ಸಾರ್ವಜನಿಕ ಜೀವನದಿಂದ ದೂರವಿದ್ದು, ದೆಹಲಿಯಲ್ಲಿ ನಿಧನರಾದರು. 2020ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿ ಸಂದಿತು.