ಹೆದರಿದವರು ಯಾರು?

2012ರ ಫೆಬ್ರವರಿ 26, ಭಾನುವಾರ ಸಂಜೆ. ಅಮೆರಿಕದ ಫ್ಲಾರಿಡಾ ರಾಜ್ಯದ ಸ್ಯಾನ್‌ಫರ್ಡ್ ಎಂಬ ಊರಿನಲ್ಲಿ ಜಿಟಿಜಿಟಿ ಮಳೆ ಹಿಡಿದಿತ್ತು. ಹದಿನೇಳು ವರ್ಷದ ಟ್ರೇವಾನ್ ಮಾರ್ಟಿನ್ ಅಂಗಡಿಯಿಂದ ಒಂದು ಪೊಟ್ಟಣ ಮಿಠಾಯಿ, ಒಂದು ಡಬ್ಬಿ ಹಣ್ಣಿನ ಪಾನೀಯ ಕೊಂಡು, ತಂದೆಯ ಜೊತೆ ತಾನು ಉಳಿದುಕೊಂಡಿದ್ದ ಮನೆಯ ಕಡೆ ನಡೆದು ಬರುತ್ತಿದ್ದ. ಅಂಗಿಗೇ ಹೊಲಿದ ಕುಲಾವಿಯನ್ನು ತಲೆಯ ಮೇಲೆ ಎಳೆದುಕೊಂಡಿದ್ದ. ಅದಕ್ಕೆ ಹೂಡಿ ಎನ್ನುತ್ತಾರೆ. ಈಗ ನಮ್ಮ ಹುಡುಗರೂ ಹಾಕುತ್ತಾರೆ. ಹುಡುಗ ಕಪ್ಪು ಜನಾಂಗದವನು. ಗೋಡೆ, ಗೇಟು ಇದ್ದ ಆ ಬಡಾವಣೆಯ ಕಾವಲು ತಂಡದ ಉಸ್ತುವಾರಿ ಹೊತ್ತಿದ್ದ ಇಪ್ಪತ್ತೆಂಟು ವರ್ಷದ ಜಾರ್ಜ್ ಝಿಮ್ಮರ್‌ಮನ್ ತನ್ನ ಗಾಡಿಯೊಳಗಿನಿಂದ ಅವನನ್ನು ಕಂಡ. ಅನುಮಾನ ಬರುವಂಥ ಒಬ್ಬ ಓಡಾಡುತ್ತಿದ್ದಾನೆಂದು ಪೊಲೀಸರಿಗೆ ಫೋನು ಮಾಡಿದ. ನೀವು ಹಿಂಬಾಲಿಸಬೇಕಾಗಿಲ್ಲ ಎಂದು ಆ ಕಡೆಯಿಂದ ಹೇಳಿದರು. ಕೆಲವೇ ನಿಮಿಷಗಳಲ್ಲಿ ಇಬ್ಬರಿಗೂ ಹೊಡೆದಾಟವಾಗಿ, ಝಿಮ್ಮರ್‌ಮನ್‌ನ ಪಿಸ್ತೂಲಿನ ಒಂದೇ ಗುಂಡಿಗೆ ಹುಡುಗ ಸತ್ತ. ಮನೆ ಅಲ್ಲಿಂದ ಕೂಗಳತೆಯ ದೂರದಲ್ಲಿತ್ತು.

ಕೊಂದವನ ಮೂಗಿಗೆ ಪೆಟ್ಟಾಗಿತ್ತು, ತಲೆಯ ಹಿಂಭಾಗದಲ್ಲಿ ಗಾಯವಿತ್ತು. ‘ನನ್ನನ್ನು ಕೆಡವಿಕೊಂಡು ತಲೆಯನ್ನು ಕಾಂಕ್ರೀಟಿಗೆ ಚಚ್ಚುತ್ತಿದ್ದ, ಪ್ರಾಣಭಯದಿಂದ ಗುಂಡು ಹಾರಿಸಿದೆ’ ಎಂಬುದು ಅವನ ವಾದ. ಪೊಲೀಸರು ಅವನನ್ನು ಬಂಧಿಸಲಿಲ್ಲ.

ಆತ್ಮರಕ್ಷಣೆಗಾಗಿ ಕೊಂದರೆ ಅದು ಅಪರಾಧವಲ್ಲ ಎಂಬುದನ್ನು ನಮ್ಮ ಕಾನೂನೂ ಒಪ್ಪುತ್ತದೆ. 1860ರ ದಂಡ ಸಂಹಿತೆಯಲ್ಲಿ 96ರಿಂದ 106ರವರೆಗಿನ ಕಲಮುಗಳು ಇದಕ್ಕಾಗಿಯೇ ಇದ್ದವು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವೇ 34ರಿಂದ 44ರವರೆಗೆ ಬಂದಿವೆ. ಹೆದರಿದ್ದಕ್ಕೆ ತಕ್ಕ ಕಾರಣವಿತ್ತೇ ಎಂಬುದೇ ಅಲ್ಲಿಯೂ ಇಲ್ಲಿಯೂ ತಿರುಳು. ಫ್ಲಾರಿಡಾದವರು 2005ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಓಡಿ ಪಾರಾಗುವ ದಾರಿ ಇದ್ದರೂ ಓಡಬೇಕಾಗಿಲ್ಲ, ನಿಂತಲ್ಲೇ ನಿಂತು ಎದುರಿಸಬಹುದು ಎಂದು ಕಾನೂನು ಮಾಡಿಕೊಂಡರು. ಅಲ್ಲದೆ, ಅದು ಆತ್ಮರಕ್ಷಣೆ ಅಲ್ಲವೆಂದು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸುವ ಹೊಣೆ ಸರ್ಕಾರಿ ವಕೀಲರದು. ಸತ್ತವನು ಬಂದು ತನ್ನ ಕಥೆ ಹೇಳಲಾರ.

ಹುಡುಗನ ತಾಯಿ ಸಿಬ್ರೀನಾ ಫುಲ್ಟನ್ ಮತ್ತು ತಂದೆ ಟ್ರೇಸಿ ಮಾರ್ಟಿನ್ ಸುಮ್ಮನೆ ಕೂರಲಿಲ್ಲ. ಅವರ ಮನವಿಗೆ 20 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ನ್ಯೂಯಾರ್ಕಿನಲ್ಲಿ ಜನ ಹೂಡಿ ಹಾಕಿಕೊಂಡು ಮೆರವಣಿಗೆ ಮಾಡಿದರು. ಘಟನೆ ನಡೆದು 45 ದಿನಗಳಾದ ಮೇಲೆ ಝಿಮ್ಮರ್‌ಮನ್ ಮೇಲೆ ಕೊಲೆಯ ಆರೋಪ ಹೊರಿಸಿದರು. ಈ ನಡುವೆ ಹೆರಾಲ್ಡೊ ರಿವೇರಾ ಎಂಬ ಹೆಸರಾಂತ ಟಿ.ವಿ. ಮಾತುಗಾರ, ಹುಡುಗನ ಸಾವಿಗೆ ಝಿಮ್ಮರ್‌ಮನ್ ಎಷ್ಟು ಕಾರಣನೋ ಆ ಹೂಡಿಯೂ ಅಷ್ಟೇ ಕಾರಣ ಎಂದು ಅಪ್ಪಣೆ ಕೊಡಿಸಿದ. (ಆಮೇಲೆ ಕ್ಷಮೆ ಕೇಳಿದ.) ಏಟು ತಿಂದವರ ಬಟ್ಟೆಯನ್ನು ಮೊದಲು ವಿಚಾರಣೆಗೆ ಎಳೆಯುವ ಈ ಜಾಣತನ ನಮಗೇನು ಹೊಸದೇ! ದುಪಟ್ಟಾ ಹೇಗೆ ಹೊದ್ದಿದ್ದಳು, ಎಷ್ಟು ಹೊತ್ತಿಗೆ ಹೊರಟಿದ್ದಳು ಎಂಬ ಪ್ರಶ್ನೆಗಳನ್ನು ಕೇಳಿಕೊಂಡೇ ಬೆಳೆದವರು ನಾವು. ಅಲ್ಲಿ ಹೂಡಿ, ಇಲ್ಲಿ ದುಪಟ್ಟಾ.

2013ರ ಜೂನಿನಲ್ಲಿ ವಿಚಾರಣೆ ಶುರುವಾಯಿತು. ನ್ಯಾಯಾಧೀಶೆ ಡೆಬ್ರಾ ನೆಲ್ಸನ್. ಅಲ್ಲಿ ತೀರ್ಮಾನ ಜ್ಯೂರಿಯದು. ನಮ್ಮಲ್ಲಿ ನಾನಾವತಿ ಮೊಕದ್ದಮೆಯ ಕಾಲಕ್ಕೆ ಇದ್ದು ಆಮೇಲೆ ಮರೆಯಾದ ಪದ್ಧತಿ. ಈ ಜ್ಯೂರಿಯಲ್ಲಿ ಇದ್ದವರು ಆರು ಜನ, ಆರೂ ಜನ ಹೆಂಗಸರು. ಅವರಲ್ಲಿ ಕಪ್ಪು ಜನಾಂಗದವರು ಯಾರೂ ಇರಲಿಲ್ಲ. ಜ್ಯೂರಿಯ ಮುಂದೆ ಸರ್ಕಾರಿ ವಕೀಲರು, ಆರೋಪಿ ಹುಡುಗನನ್ನು ನೋಡಿದೊಡನೆ ಅಪರಾಧಿಯೆಂದು ಬಗೆದ ಎಂದು ಹೇಳಬಹುದಿತ್ತು. ಜನಾಂಗ ನೋಡಿ ಬಗೆದ ಎನ್ನುವಂತಿರಲಿಲ್ಲ. ಹೊರಗೆ ಇಡೀ ದೇಶ ಜನಾಂಗದ ಮಾತನ್ನೇ ಆಡುತ್ತಿತ್ತು. ಒಳಗೆ ಮಾತ್ರ ಆ ಶಬ್ದಕ್ಕೆ ಬಾಗಿಲು ಮುಚ್ಚಿತ್ತು.

ಆ ವಿಚಾರಣೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾನೂನಿನ ಸೂಕ್ಷ್ಮಗಳಲ್ಲ, ಸಾಕ್ಷಿ ಹೇಳಲು ಬಂದ ಹೆಂಗಸರು. ಆ ರಾತ್ರಿ ನೆರೆಮನೆಯವರು ಪೊಲೀಸರಿಗೆ ಮಾಡಿದ ಫೋನಿನ ಹಿನ್ನೆಲೆಯಲ್ಲಿ ಯಾರೋ ಕಾಪಾಡಿ ಎಂದು ಚೀರುವ ದನಿ ಕೇಳುತ್ತದೆ. ಗುಂಡಿನ ಸದ್ದಾದೊಡನೆ ಚೀರಾಟ ನಿಲ್ಲುತ್ತದೆ. ಸಿಬ್ರೀನಾ ಕಟಕಟೆ ಹತ್ತಿ, ಅದು ನನ್ನ ಮಗನ ದನಿ ಎಂದರು. ಅದೇ ದಿನ ಝಿಮ್ಮರ್‌ಮನ್‌ನ ತಾಯಿ ಅದೇ ಕಟಕಟೆಯಲ್ಲಿ ಕೂತು, ಅದು ನನ್ನ ಮಗನ ದನಿ ಎಂದರು. ಇಬ್ಬರೂ ಸುಳ್ಳು ಹೇಳಿದರೆಂದು ನನಗೆ ಅನಿಸುವುದಿಲ್ಲ. ಹೆತ್ತವಳ ಕಿವಿ ಏನು ಕೇಳಿಸಿಕೊಳ್ಳುತ್ತದೆ ಎಂಬುದನ್ನು ಯಾವ ನ್ಯಾಯಾಲಯ ಅಳೆದೀತು?

ಮತ್ತೊಬ್ಬಳು ಹತ್ತೊಂಬತ್ತು ವರ್ಷದ ರೇಚಲ್ ಜೀಂಟೆಲ್. ಕೊನೆಯ ಗಳಿಗೆಯವರೆಗೆ ಟ್ರೇವಾನ್ ಫೋನಿನಲ್ಲಿ ಮಾತಾಡುತ್ತಿದ್ದದ್ದು ಇವಳ ಜೊತೆ. ಯಾರೋ ಒಬ್ಬ ವಿಚಿತ್ರ ಮನುಷ್ಯ ಹಿಂದೆಯೇ ಬರುತ್ತಿದ್ದಾನೆ ಎಂದು ಹುಡುಗ ಹೇಳಿದ್ದ. ಅಂದರೆ ಅವನಿಗೂ ಭಯವಿತ್ತು ಎಂಬುದಕ್ಕೆ ಇದ್ದ ಮುಖ್ಯ ಸಾಕ್ಷಿ ಇವಳೇ. ಅಮ್ಮ ಹೈತಿ ದೇಶದವಳು, ಮನೆಮಾತು ಇಂಗ್ಲಿಷಲ್ಲ. ಎರಡು ದಿನ ಪಾಟೀಸವಾಲು ನಡೆಯಿತು. ಅವಳದೆಂದು ಹೇಳಲಾದ ಒಂದು ಪತ್ರವನ್ನು ಕೈಗೆ ಕೊಟ್ಟು ಓದು ಎಂದರು. ಕೂಡಿಸಿ ಬರೆದ ಅಕ್ಷರ ತನಗೆ ಓದಲು ಬರುವುದಿಲ್ಲವೆಂದು ಅವಳು ಎಲ್ಲರೆದುರು ಹೇಳಬೇಕಾಯಿತು. ದೇಶವೆಲ್ಲ ಅವಳ ಭಾಷೆಯನ್ನು ಆಡಿಕೊಂಡಿತು. ಇನ್ಸ್‌ಪೆಕ್ಟರ್ ಬಂದ ದಿನ ಊರಿನ ಆಡುಮಾತಿನಲ್ಲೇ ಸರಿಯುತ್ತರ ಹೇಳಿದ ಹುಡುಗಿಯನ್ನು ಕಂಡು ಇಡೀ ತರಗತಿ ಕಿಸಕ್ಕೆಂದು ನಗುವುದನ್ನು ಇಷ್ಟು ವರ್ಷ ಮೇಷ್ಟ್ರಗಿರಿ ಮಾಡಿದ ನಾನು ಎಷ್ಟೋ ಸಲ ನೋಡಿದ್ದೇನೆ. ಉತ್ತರ ಸರಿಯಿತ್ತು ಎಂಬುದು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಮೂರನೆಯವಳು ಆರೋಪಿಯ ಕಡೆಯ ಸಾಕ್ಷಿ, ಅದೇ ಬಡಾವಣೆಯ ಒಬ್ಬ ಎಳೆಯ ತಾಯಿ. 2011ರಲ್ಲಿ ಇಬ್ಬರು ಕಪ್ಪು ಹುಡುಗರು ಹಾಡಹಗಲೇ ಮನೆಗೆ ನುಗ್ಗಿದಾಗ ಕೂಸನ್ನು ಎತ್ತಿಕೊಂಡು ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತವಳು. ಆ ಭಯ ಅಪ್ಪಟ ನಿಜ, ಅದನ್ನು ಅಲ್ಲಗಳೆಯುವವಳು ನಾನಲ್ಲ. ಕತ್ತಲಾದ ಮೇಲೆ ಬಸ್ಸಿಳಿದು ನಡೆಯುವಾಗ ಹಿಂದೆ ಹೆಜ್ಜೆ ಸಪ್ಪಳ ಕೇಳಿದರೆ ಬ್ಯಾಗನ್ನು ಎದೆಗೆ ಅವುಚಿಕೊಳ್ಳುವುದು ನಮ್ಮೆಲ್ಲರ ಅಭ್ಯಾಸ. ಆದರೆ ಆ ಇಬ್ಬರ ತಪ್ಪಿನ ಲೆಕ್ಕವನ್ನು ಮಿಠಾಯಿ ಕೊಂಡು ಬರುತ್ತಿದ್ದ ಮೂರನೆಯವನ ಖಾತೆಗೆ ಬರೆದದ್ದು ಯಾವ ನ್ಯಾಯ? ಮೈಬಣ್ಣ, ವಯಸ್ಸು ಬಿಟ್ಟು ಅವರಿಗೂ ಇವನಿಗೂ ಏನು ಸಂಬಂಧ?

2013ರ ಜುಲೈ 13ರ ರಾತ್ರಿ ಆರು ಹೆಂಗಸರು ಅವನನ್ನು ನಿರ್ದೋಷಿಯೆಂದರು. ಜನಾಂಗದ ವಿಷಯ ತಮ್ಮ ಚರ್ಚೆಯಲ್ಲಿ ಬರಲೇ ಇಲ್ಲವೆಂದು ಅವರಲ್ಲೊಬ್ಬಳು ಆಮೇಲೆ ಟಿ.ವಿ.ಗೆ ಹೇಳಿದಳು. ಇನ್ನೊಬ್ಬಳು, ಮನಸ್ಸು ತಪ್ಪಿತಸ್ಥನೆನ್ನುತ್ತದೆ, ಆದರೆ ಕಾನೂನಿನ ಪ್ರಕಾರ ಸಾಕ್ಷ್ಯ ಸಾಲಲಿಲ್ಲ ಎಂದಳು. ಆ ಕಾನೂನು, ಆ ಸಾಕ್ಷ್ಯ ಕೈಯಲ್ಲಿಟ್ಟುಕೊಂಡು ಅವರು ಬೇರೆ ತೀರ್ಪು ಕೊಡಬಹುದಿತ್ತೇ ಎಂದರೆ, ಕಷ್ಟವಿತ್ತು. ಆರು ದಿನಗಳ ನಂತರ ಅಧ್ಯಕ್ಷ ಒಬಾಮ ಪತ್ರಕರ್ತರ ಮುಂದೆ ಬಂದು, ಮೂವತ್ತೈದು ವರ್ಷದ ಹಿಂದೆ ಆ ಹುಡುಗ ನಾನೇ ಆಗಿರಬಹುದಿತ್ತು ಎಂದರು. ಟ್ರೇವಾನ್ ದೊಡ್ಡವನಾಗಿದ್ದು ಅವನ ಕೈಯಲ್ಲೂ ಆಯುಧವಿದ್ದರೆ, ನಿಂತಲ್ಲೇ ನಿಂತು ಎದುರಿಸುವ ಹಕ್ಕು ಅವನಿಗೂ ಇರುತ್ತಿತ್ತೇ ಎಂದು ಕೇಳಿದರು.

ಈ ಪ್ರಶ್ನೆಗೆ ಇತಿಹಾಸದಲ್ಲಿ ಒಂದು ಉತ್ತರವಿದೆ. ಅದನ್ನು ಹುಡುಕಿಕೊಂಡು 1925ರ ಡೆಟ್ರಾಯಿಟ್ ನಗರಕ್ಕೆ ಹೋಗಬೇಕು. ಒಸಿಯನ್ ಸ್ವೀಟ್ ಎಂಬ ಕಪ್ಪು ವೈದ್ಯರು, ವಿಯೆನ್ನಾ ಮತ್ತು ಪ್ಯಾರಿಸ್ಸಿನಲ್ಲಿ ಹೆಚ್ಚಿನ ಓದು ಓದಿ ಬಂದವರು, ಗಾರ್ಲೆಂಡ್ ಬೀದಿಯಲ್ಲಿ 18,500 ಡಾಲರ್ ಕೊಟ್ಟು ಒಂದು ಮನೆ ಕೊಂಡರು. ಬೀದಿಯ ತುಂಬ ಬಿಳಿಯರು. ಅದೇ ಬೇಸಿಗೆಯಲ್ಲಿ ಇನ್ನೊಬ್ಬ ಕಪ್ಪು ವೈದ್ಯರನ್ನು ಜನ ಗುಂಪುಗೂಡಿ ಹೊಸ ಮನೆಯಿಂದ ಓಡಿಸಿದ್ದರು. ಹಾಗಾಗಿ ಸ್ವೀಟ್ ದಂಪತಿ ಸೆಪ್ಟೆಂಬರ್ 8ರಂದು ಒಕ್ಕಲು ಬರುವಾಗ ಸಾಮಾನಿನ ಜೊತೆ ಬಂದೂಕುಗಳನ್ನೂ ತಂದರು, ಕೂಸನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು ಬಂದರು. ಎರಡನೆಯ ರಾತ್ರಿ ಹೆಂಡತಿ ಗ್ಲಾಡಿಸ್ ಅಡಿಗೆ ಮಾಡುತ್ತಿದ್ದಾಗ ಮನೆಯ ಮೇಲೆ ಕಲ್ಲು ಬೀಳತೊಡಗಿತು. ಒಳಗಿನಿಂದ ಗುಂಡು ಹಾರಿ, ಹೊರಗಿದ್ದ ಒಬ್ಬ ಬಿಳಿಯ ಸತ್ತ. ಒಳಗಿದ್ದ ಹನ್ನೊಂದು ಜನರನ್ನೂ ಕೊಲೆಯ ಆರೋಪದ ಮೇಲೆ ಹಿಡಿದೊಯ್ದರು. ಅವರಲ್ಲಿ ಹೆಂಗಸೆಂದರೆ ಗ್ಲಾಡಿಸ್ ಒಬ್ಬಳೇ.

ಅವರ ಪರ ವಕೀಲ, ಆ ಕಾಲದ ಘಟಾನುಘಟಿ ಕ್ಲಾರೆನ್ಸ್ ಡ್ಯಾರೋ. ಹನ್ನೆರಡು ಮಂದಿ ಬಿಳಿಯ ಗಂಡಸರ ಜ್ಯೂರಿಯ ಮುಂದೆ ಅವರು ಕೇಳಿದ್ದಿಷ್ಟು: ಈ ಮನುಷ್ಯನ ಜಾಗದಲ್ಲಿ, ಈ ಮನುಷ್ಯನ ಚರ್ಮದಲ್ಲಿ ನಿಂತು ಆ ಗುಂಪನ್ನು ನೋಡಿ. ಇದಕ್ಕೆ ನ್ಯಾಯಾಧೀಶ ಫ್ರ್ಯಾಂಕ್ ಮರ್ಫಿ ಅವಕಾಶ ಕೊಟ್ಟರು. ಡಾಕ್ಟರು ತಾವು ಕಂಡ, ಕೇಳಿದ ಹಿಂಸೆಯನ್ನೆಲ್ಲ ಒಂದೊಂದಾಗಿ ಹೇಳಿದರು. 1921ರಲ್ಲಿ ಟಲ್ಸಾದಲ್ಲಿ ಶರಣಾಗಿ ಹೊರಬಂದ ಕಪ್ಪು ವೈದ್ಯನೊಬ್ಬನನ್ನು ಗುಂಡಿಟ್ಟು ಕೊಂದದ್ದೂ ಅದರಲ್ಲಿ ಸೇರಿತ್ತು. ಬೀದಿಯವರೋ, ಗುಂಪೇ ಇರಲಿಲ್ಲ, ನಾಲ್ಕು ಜನ ಸುಮ್ಮನೆ ನಿಂತಿದ್ದೆವು ಎಂದು ಸಾಧಿಸಿದರು! ಮನೆಯೆಂಬುದು ಬಿಳಿಯನಿಗೆ ಹೇಗೋ ಕಪ್ಪು ಮನುಷ್ಯನಿಗೂ ಹಾಗೆಯೇ ಕೋಟೆ ಎಂದು ಮರ್ಫಿ ಜ್ಯೂರಿಗೆ ತಿಳಿಸಿ ಹೇಳಿದರು. ಮೊದಲ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. 1926ರ ಮೇ ತಿಂಗಳಲ್ಲಿ ಎರಡನೆಯ ಜ್ಯೂರಿ ಡಾಕ್ಟರ ತಮ್ಮ ಹೆನ್ರಿಯನ್ನು ನಿರ್ದೋಷಿಯೆಂದು ಬಿಟ್ಟಿತು. ಮರುವರ್ಷ ಉಳಿದವರ ಮೇಲಿನ ಆರೋಪವನ್ನೂ ಕೈಬಿಟ್ಟರು.

1925ರಲ್ಲಿ ಒಂದು ಜನಾಂಗದ ಭಯವನ್ನು ಅದರ ಚರಿತ್ರೆ ಸಮೇತ ನ್ಯಾಯಾಲಯದೊಳಕ್ಕೆ ಬಿಟ್ಟುಕೊಂಡರು. 88 ವರ್ಷಗಳ ನಂತರ ಆ ಜನಾಂಗದ ಹೆಸರೆತ್ತುವುದಕ್ಕೂ ಹಿಂಜರಿದರು. ಡ್ಯಾರೋ ಕೇಳಿದ ಮಾತನ್ನು ಟ್ರೇವಾನ್ ಪರವಾಗಿ ಯಾರಾದರೂ ಅಷ್ಟು ಬಿಡಿಸಿ ಕೇಳಿದ್ದರೆ ಎಂದು ನನಗೆ ಅನಿಸುತ್ತಲೇ ಇರುತ್ತದೆ.

ಗ್ಲಾಡಿಸ್‌ಗೆ ಕ್ಷಯ ತಗುಲಿತ್ತು. ಜೈಲಿನಲ್ಲೇ ಹತ್ತಿದ್ದೆಂದು ಮನೆಯವರು ನಂಬಿದ್ದರು. ಎರಡು ವರ್ಷದ ಮಗಳು 1926ರಲ್ಲಿ ತೀರಿಕೊಂಡಿತು, 1928ರಲ್ಲಿ ತಾಯಿ. ಆಗ ಆಕೆಗೆ ಇಪ್ಪತ್ತೇಳು ವರ್ಷ. ಸಿಬ್ರೀನಾ ಫುಲ್ಟನ್ ಮಗನ ಹೆಸರಿನಲ್ಲಿ ಊರೂರು ತಿರುಗಿ ಮಾತಾಡಿದರು. 2020ರಲ್ಲಿ ಮಿಯಾಮಿ-ಡೇಡ್ ಕೌಂಟಿಯ ಸ್ಥಳೀಯ ಚುನಾವಣೆಗೆ ನಿಂತು, ಕೆಲವೇ ನೂರು ಮತಗಳಿಂದ ಸೋತರು.